ಮೊಣಕಾಲು ಮಡಚದ ಹುಲ್ಲು

“ಇದೊಂದನ್ನ ತಗದ್ ಹಾಕು,” ಎಂದು ನನ್ನ ಮಾರ್ಗದರ್ಶಕರು ಹಾಳೆಯನ್ನು ಮೇಜಿನ ಈ ಬದಿಗೆ ಸರಿಸಿದರು. ಹಾಳೆಯ ಮೇಲೆ ಒಣಗಿದ ಒಂದು ಹುಲ್ಲಿತ್ತು. ನಾನೇ ಕಿತ್ತು, ನಾನೇ ಒಣಗಿಸಿ, ದಾರದಿಂದ ಹೊಲಿದು ಕೂರಿಸಿದ ಹುಲ್ಲು. “ಉಳಿದದ್ದೆಲ್ಲಾ ಭೇಷ್ ಐತಿ. ಇದನ್ನ ಬಿಟ್ಟು ಪ್ರಬಂಧ ಕೊಡು. ಮುಂದಿನ ವರ್ಷ ಈ ಹೊತ್ತಿಗೆ ನೀ ಡಾಕ್ಟರ್ ಆಗಿರ್ತಿ.”

“ಇಲ್ರಿ ಸರ್,” ಎಂದೆ.

ಅವರು ಕನ್ನಡಕ ತೆಗೆದರು. ಅವರಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆಯುತ್ತಾರೆ ಎಂಬುದು ಧಾರವಾಡದ ಆ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. “ಇಲ್ಲ ಅಂದ್ರ?”

“ಇದು ಬ್ಯಾರೆ ಹುಲ್ಲು ಐತ್ರಿ. ಇದನ್ನ ಬಿಟ್ಟು ನಾ ಕೊಡೂದಿಲ್ರಿ.”

ಅಷ್ಟೇ ಮಾತು. ಹಾಳೆಯನ್ನು ಎತ್ತಿಕೊಂಡು ಹೊರಬಂದೆ. ಕಾರಿಡಾರಿನಲ್ಲಿ ನನ್ನ ಜೊತೆಯವರು ಏನಾಯಿತೆಂದು ಕೇಳಿದರು. ಏನೂ ಆಗಿಲ್ಲ ಎಂದೆ. ಆಗುವುದೆಲ್ಲ ಇನ್ನು ಮುಂದೆ ಇತ್ತು.

ನಾನು ಸವಣೂರಿನವಳು. ಅಬ್ಬಾ ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದರು. ತೋಟದಿಂದ ಬಂದ ಎಲೆಯನ್ನು ಪಡಸಾಲೆಯಲ್ಲಿ ಒದ್ದೆ ಗೋಣಿತಟ್ಟಿನ ಮೇಲೆ ಸುರಿದು ಅಮ್ಮಿ, ಅಕ್ಕ, ನಾನು ಆರಿಸುತ್ತಿದ್ದೆವು. ಹರಿದದ್ದು ಬೇರೆ, ಕಲೆ ಬಿದ್ದದ್ದು ಬೇರೆ, ಎಳೆಯದು ಬೇರೆ. ನಮ್ಮ ಮನೆಯ ಮಾತು ಉರ್ದು. ಆದರೆ ಎಲೆಯ ಮಾತು ಕನ್ನಡದ್ದು. ಗಿರಾಕಿಗಳ ಜೊತೆ ಆಡಿ ಆಡಿ ಅಬ್ಬಾನಿಗೆ ಅದೇ ರೂಢಿಯಾಗಿ, ಖುಷಿಯಾದಾಗ, ಸಿಟ್ಟು ಬಂದಾಗ ಮನೆಯಲ್ಲೂ ಕನ್ನಡಕ್ಕೆ ಹೊರಳುತ್ತಿದ್ದರು. ಹೀಗಾಗಿ ನನ್ನ ಬದುಕಿನ ದೊಡ್ಡ ಮಾತುಗಳೆಲ್ಲ ನನಗೆ ಕನ್ನಡದಲ್ಲೇ ನೆನಪಾಗುತ್ತವೆ.

ಗುರುವಾರ ಅವರು ಎಲೆಯ ಬುಟ್ಟಿ ಹೊತ್ತು ಹುಲಗೂರಿನ ದರ್ಗಾಕ್ಕೆ ಹೋಗುತ್ತಿದ್ದರು. ಶಾಲೆಗೆ ಸೂಟಿ ಇದ್ದರೆ ನಾನೂ ಜೊತೆಗೆ. ಅವರು ವ್ಯಾಪಾರಕ್ಕೆ ಕುಳಿತರೆ ನನಗೆ ಹಿಂದಿನ ಬಯಲಿನಲ್ಲಿ ಮಾಡಲು ಏನೂ ಇರುತ್ತಿರಲಿಲ್ಲ. ಹುಲ್ಲು ಕೀಳುತ್ತ ಕೂರುತ್ತಿದ್ದೆ. ಕಿತ್ತು ಕಿತ್ತು ಒಂದು ದಿನ ಗಮನಕ್ಕೆ ಬಂತು, ಕೈಯಲ್ಲಿರುವವು ಒಂದೇ ಅಲ್ಲ ಎಂದು. ಒಂದರ ಕಾಂಡ ದುಂಡಗಿತ್ತು, ಇನ್ನೊಂದರದು ಚಪ್ಪಟೆ. ಒಂದರ ಎಲೆ ಕಾಂಡಕ್ಕೆ ಕೂಡುವಲ್ಲಿ ಬಿಳಿ ರೋಮವಿತ್ತು, ಇನ್ನೊಂದರಲ್ಲಿ ತೆಳುವಾದ ಪೊರೆ. ಹುಲ್ಲು ಎನ್ನುವ ಒಂದು ಮಾತಿನ ಕೆಳಗೆ ಇಷ್ಟೊಂದು ಮಂದಿ ಹೆಸರಿಲ್ಲದೆ ಕುಳಿತಿದ್ದಾರಲ್ಲ ಎಂದು ನನಗೆ ಆಶ್ಚರ್ಯವಾಗಿತ್ತು. ಸ್ವಲ್ಪ ಸಿಟ್ಟೂ ಬಂದಿತ್ತು. ನಮ್ಮ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಹೊರಗಿನವರು ಒಂದೇ ಹೆಸರಿನಿಂದ ಕರೆಯುತ್ತಿದ್ದಾಗ ಬರುತ್ತಿದ್ದಂಥ ಸಿಟ್ಟು.

ಮುಂದೆ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದೆ. ಸಂಶೋಧನೆಗೆ ವಿಷಯ ಆರಿಸುವಾಗ ಜೊತೆಯವರು ಔಷಧಿ ಗಿಡ ಹಿಡಿದರು, ಕೆಲವರು ಪ್ರಯೋಗಾಲಯದ ಯಂತ್ರಗಳ ಮುಂದೆ ಕುಳಿತರು. ನಾನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹುಲ್ಲುಗಳ ವರ್ಗೀಕರಣ ಮಾಡುತ್ತೇನೆ ಎಂದೆ. ಸುದ್ದಿ ಮನೆಗೆ ಮುಟ್ಟುತ್ತಲೇ ನಮ್ಮ ಚಾಚಾ, ಅಬ್ಬಾನ ತಮ್ಮ, ಪಡಸಾಲೆಯಲ್ಲಿ ಕುಳಿತು ಎಲ್ಲರೆದುರು ಕೇಳಿದರು: “ಹುಲ್ಲು ಕೊಯ್ಯಾಕ ಇಷ್ಟ್ ಓದಬೇಕೇನವಾ?”

“ಕೊಯ್ಯಾಕ ಬ್ಯಾಡ್ರಿ ಚಾಚಾ. ಕೊಯ್ಯೂದು ಏನಂತ ಹೇಳಾಕ ಬೇಕು. ನೀವು ದಿನಾ ತಿನ್ನೂ ಜೋಳ, ಗೋಧಿ, ಅಕ್ಕಿ ಎಲ್ಲಾ ಹುಲ್ಲ ಅದಾವ,” ಎಂದೆ. ಅಬ್ಬಾ ಎಲೆ ಎಣಿಸುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದರು. ಮರುದಿನ ಊರಿನ ಬಡಿಗನ ಹತ್ತಿರ ಹೋಗಿ ನನಗೆ ಬೇಕಾದ ಅಳತೆಯ ಒತ್ತುಹಲಗೆ ಮಾಡಿಸಿ ತಂದರು. ಜಾಲರಿಯಂಥ ಎರಡು ಹಲಗೆ, ನಡುವೆ ಹಳೆಯ ಪೇಪರು. ಅದರೊಳಗೆ ಗಿಡವನ್ನಿಟ್ಟು ಪಟ್ಟಿ ಬಿಗಿದರೆ ಚಪ್ಪಟೆಯಾಗಿ ಒಣಗುತ್ತದೆ. ಅದನ್ನು ಬೆನ್ನಿಗೆ ಹಾಕಿಕೊಂಡು, ಓಢಣಿಯನ್ನು ತಲೆಗೆ ಬಿಗಿದು ಸುತ್ತಿಕೊಂಡು, ಬೂಟು ಮೆಟ್ಟಿ ನಾನು ತಿರುಗಿದ ದಾರಿಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಹತ್ತಿಮತ್ತೂರಿನ ಕರಿಮಣ್ಣಿನ ಬದುಗಳು, ಹಾನಗಲ್ಲದ ಗದ್ದೆಯಂಚು, ಹಿರೇಕೆರೂರಿನ ಕಡೆಯ ಕೆರೆಯಂಗಳ. ಬಸ್ಸಿನಲ್ಲಿ ಕಂಡಕ್ಟರ್ “ಅದೇನ್ರಿ ಬೆನ್ನಮ್ಯಾಲೆ, ಪೋಟೋ ಚೌಕಟ್ಟೇನು?” ಎಂದು ಕೇಳುತ್ತಿದ್ದ. ಹೊಲದವರು ಒಮ್ಮೊಮ್ಮೆ ನನ್ನನ್ನು ಸರ್ವೆಯವಳೆಂದು ತಿಳಿದು ಎದ್ದು ನಿಲ್ಲುತ್ತಿದ್ದರು. ಹುಲ್ಲು ನೋಡಲು ಬಂದವಳೆಂದು ಗೊತ್ತಾದ ಮೇಲೆ ನಕ್ಕು ಬುತ್ತಿ ಬಿಚ್ಚಿ ರೊಟ್ಟಿ ಕೊಡುತ್ತಿದ್ದರು.

ಆ ಹುಲ್ಲು ನನಗೆ ಸಿಕ್ಕಿದ್ದು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯ ಹೊರಗೆ, ಒಂದು ಕಲ್ಲುಗುಡ್ಡದ ನೆತ್ತಿಯ ಮೇಲೆ. ಮಳೆಗಾಲ ಮುಗಿಯುತ್ತ ಬಂದಿತ್ತು. ಹಾಸುಬಂಡೆಯ ತಗ್ಗುಗಳಲ್ಲಿ ಅಂಗೈ ತುಂಬುವಷ್ಟು ಮಣ್ಣು ನಿಂತಿರುತ್ತದಲ್ಲ, ಅಷ್ಟರಲ್ಲೇ ಅದು ಬೆಳೆದು ತೆನೆ ಬಿಟ್ಟಿತ್ತು. ಗೇಣುದ್ದವೂ ಇಲ್ಲ. ನಮ್ಮ ಕಡೆಯ ಗುಡ್ಡಗಳಲ್ಲೆಲ್ಲ ಕಾಣುವ ಕರಡವೆಂಬ ಒಂದು ಸಾಮಾನ್ಯ ಹುಲ್ಲಿನ ಹಾಗೆಯೇ ತೋರುತ್ತಿತ್ತು. ಕೂತು, ಕಣ್ಣಿಗೆ ಮಸೂರ ಹಿಡಿದೆ.

ಗೋಧಿಯ ತೆನೆ ನೋಡಿದವರಿಗೆ ಅದರ ತುದಿಯ ಸೂಜಿಯಂಥ ಕೂದಲು ಗೊತ್ತಿರುತ್ತದೆ. ಆ ಸಾಮಾನ್ಯ ಕರಡಕ್ಕೂ ಅಂಥ ಮುಳ್ಳುಗೂದಲು ಇದೆ. ಅದು ನಡುವೆ ಮೊಣಕಾಲು ಮಡಚಿದಂತೆ ಬಾಗಿರುತ್ತದೆ. ಈ ಹುಲ್ಲಿನದು ಬಾಗಿರಲಿಲ್ಲ. ನೆಟ್ಟಗೆ ನಿಂತಿತ್ತು. ಪಕ್ಕದ ಗಿಡ ನೋಡಿದೆ, ಅದರಾಚೆಯದು ನೋಡಿದೆ. ಎಲ್ಲವೂ ನೆಟ್ಟಗೆ. ಕಾಂಡದ ಗೆಣ್ಣುಗಳ ಸುತ್ತ ಒತ್ತಾದ ಬಿಳಿ ರೋಮದ ಬಳೆಯೂ ಇತ್ತು, ಕರಡಕ್ಕೆ ಅದಿಲ್ಲ. ಆ ಬಂಡೆಯ ಮೇಲೆ ಒಬ್ಬಳೇ ಜೋರಾಗಿ ನಕ್ಕೆ. ಕೆಳಗೆ ಕುರಿ ಮೇಯಿಸುತ್ತಿದ್ದವನು ಗಾಬರಿಯಾಗಿ ಮೇಲೆ ನೋಡಿದ.

ನನ್ನ ಮಾರ್ಗದರ್ಶಕರು ಸಣ್ಣ ಮನುಷ್ಯರಲ್ಲ. ಅದನ್ನು ಇಲ್ಲಿಯೇ ಹೇಳಿಬಿಡಬೇಕು. ಓಡುವ ಬಸ್ಸಿನ ಕಿಟಕಿಯಿಂದ ರಸ್ತೆಯಂಚಿನ ಹುಲ್ಲನ್ನು ಗುರುತಿಸಬಲ್ಲವರು. ತೆನೆಯನ್ನು ಉಗುರಿನಿಂದ ಬಿಡಿಸುವುದನ್ನು, ಕಂಡದ್ದನ್ನು ಬರೆಯುವ ಮೊದಲು ಮತ್ತೊಮ್ಮೆ ನೋಡುವುದನ್ನು ಅವರೇ ಕಲಿಸಿದ್ದರು. ಆದರೆ ಅವರದೇ ಒಂದು ದೊಡ್ಡ ಪುಸ್ತಕವಿತ್ತು. ಅದರಲ್ಲಿ ಅವರು ಈ ಭಾಗದ ಆ ಕರಡ ಒಂದೇ ಪ್ರಭೇದ, ಕಲ್ಲುನೆಲದಲ್ಲಿ ಅದು ಗಿಡ್ಡವಾಗಿ ಆಕಾರಗೆಡುತ್ತದೆ ಎಂದು ಬರೆದಿದ್ದರು.

“ಮಣ್ಣಿಲ್ಲ, ನೀರಿಲ್ಲ. ಹೊಟ್ಟಿಗಿಲ್ಲದ ಹುಲ್ಲದು,” ಎಂದರು. “ಚಲೋ ಮಣ್ಣು ಹಾಕು, ಕೂದಲ ಬಾಗತೈತಿ, ರೋಮ ಉದರತೈತಿ. ಹೊಟ್ಟಿಗಿಲ್ಲದ್ದಕ್ಕೆಲ್ಲಾ ಹೊಸಾ ಹೆಸರಿಡಕೋಂತ ಹೋದ್ರ ಶಾಸ್ತ್ರ ಉಳೀತೈತೇನು?”

ಪ್ರಬಂಧಕ್ಕೆ ಅವರ ಸಹಿ ಬೇಕು. ಆ ಹುಲ್ಲು ಇರುವವರೆಗೆ ಅವರು ಸಹಿ ಹಾಕುವುದಿಲ್ಲ. ಹುಲ್ಲನ್ನು ನಾನು ತೆಗೆಯುವುದಿಲ್ಲ. ಹೀಗೆ ಎಲ್ಲವೂ ನಿಂತುಹೋಯಿತು. ವಿದ್ಯಾರ್ಥಿವೇತನ ಮುಗಿದ ಮೇಲೆ ನಾನು ಊರಿಗೆ ಮರಳಿ, ಹಾನಗಲ್ಲದ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಅತಿಥಿ ಎಂಬ ಆ ಶಬ್ದವನ್ನು ನಾನು ಬಹಳ ಕಾಲ ಹೊತ್ತೆ. ಎಂಥ ಅತಿಥಿ, ಪ್ರತಿ ವರ್ಷ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಬೇಕಾದ ಅತಿಥಿ.

ಆ ಹೊತ್ತಿಗೆ ಮದುವೆಯ ಮಾತೂ ಬಂತು. ಒಳ್ಳೆಯ ಮನೆತನ, ಬಂಕಾಪುರದ ಕಡೆಯವರು. ಹುಡುಗನ ತಾಯಿ ಅಮ್ಮಿ ಮಾಡಿದ ಸಿರಾ ತಿನ್ನುತ್ತ, ನಯವಾಗಿಯೇ ಕೇಳಿದರು. “ಮದುವಿ ಆದಮ್ಯಾಲೆ ಈ ಗುಡ್ಡಾ ಗಿಡಾ ತಿರಗೂದು ಇರೂದಿಲ್ಲಲ್ಲ?”

ಉತ್ತರ ಹೇಳಬೇಕಾದವಳು ಅಮ್ಮಿ. ಅವಳು ಬಾಯಿ ತೆರೆಯುವ ಮೊದಲೇ ನಾನು ಪರದೆಯ ಹಿಂದಿನಿಂದ ಅಂದೆ: “ಇರತೈತ್ರಿ. ಈಗಿರೂದಕ್ಕಿಂತ ಜಾಸ್ತಿನ ಇರತೈತ್ರಿ.”

ಸಿರಾ ತಟ್ಟೆಯಲ್ಲೇ ಉಳಿಯಿತು. ಅವರು ಹೋದ ಮೇಲೆ ಅಮ್ಮಿ ಅತ್ತಳು. ಅಬ್ಬಾ ಬಾಗಿಲು ಹಾಕಿ ಬಂದು, ಉಳಿದ ಸಿರಾವನ್ನು ತಾವೇ ಎಳೆದುಕೊಂಡು ತಿನ್ನತೊಡಗಿದರು. “ಸುಳ್ಳು ಹೇಳಿ ಕಳಸೂದಕ್ಕಿಂತ ಇದು ಚಲೋ,” ಎಂದರಷ್ಟೇ. ಆ ಹುಡುಗನಿಗೆ ಆ ವರ್ಷವೇ ಬೇರೆ ಕಡೆ ಹೆಣ್ಣು ಸಿಕ್ಕಿತು. ನನಗೆ ಹುಲ್ಲು ಉಳಿಯಿತು. ಇಬ್ಬರಿಗೂ ನಷ್ಟವಾಗಿಲ್ಲ ಎಂದೇ ನನ್ನ ನಂಬಿಕೆ.

ಗುರುಗಳ ಮಾತು ಮಾತ್ರ ತಲೆಯೊಳಗೆ ಕುಟ್ಟುತ್ತಲೇ ಇತ್ತು. ಚಲೋ ಮಣ್ಣು ಹಾಕು. ಅವರು ಬೈಗುಳವಾಗಿ ಹೇಳಿದ್ದರು. ನಾನು ಅದನ್ನೇ ಪರೀಕ್ಷೆಯಾಗಿ ಹಿಡಿದೆ. ಗುಡ್ಡದಿಂದ ನನ್ನ ಹುಲ್ಲಿನ ಬೀಜ ತಂದೆ, ಬಯಲಿನಿಂದ ಕರಡದ ಬೀಜ ತಂದೆ. ನಮ್ಮ ಮಾಳಿಗೆಯ ಮೇಲೆ ಎಣ್ಣೆಯ ಹಳೆಯ ಡಬ್ಬಿಗಳನ್ನು ಸಾಲಾಗಿ ಇಟ್ಟೆ. ಅರ್ಧ ಡಬ್ಬಿಗಳಿಗೆ ಎಲೆತೋಟದ ಗೊಬ್ಬರ ಮಣ್ಣು, ಇನ್ನರ್ಧಕ್ಕೆ ಗುಡ್ಡದ ಹರಳುಗಲ್ಲಿನ ಮಣ್ಣು. ಎರಡೂ ಮಣ್ಣಿನಲ್ಲಿ ಎರಡೂ ಹುಲ್ಲು. ನನ್ನ ಹುಲ್ಲು ನಿಜಕ್ಕೂ ಹೊಟ್ಟೆಗಿಲ್ಲದ ಕರಡವೇ ಆಗಿದ್ದರೆ, ಗೊಬ್ಬರ ತಿಂದು ಕರಡವಾಗಬೇಕು. ಕರಡ ಹರಳಿನಲ್ಲಿ ಬೆಳೆದರೆ ನನ್ನ ಹುಲ್ಲಾಗಬೇಕು. ಇದರಲ್ಲಿ ನಾನು ಸೋತರೆ ಧಾರವಾಡಕ್ಕೆ ಹೋಗಿ ಅವರ ಮುಂದೆ ನಿಂತು ಒಪ್ಪಿಕೊಳ್ಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಜೂನಿನ ಮಿರಗದ ಮಳೆಗೆ ಬೀಜ ಮೊಳೆತವು. ನಾನು ಬೆಳಿಗ್ಗೆ ಹಾನಗಲ್ಲದ ಬಸ್ಸು ಹಿಡಿದರೆ ನೀರು ಹಾಕುವ ಕೆಲಸ ಅಮ್ಮಿಯದು. ಮದುವೆ ಮುರಿದದ್ದಕ್ಕೆ ಸಿಟ್ಟಿದ್ದರೂ ಡಬ್ಬಿಗಳ ಮೇಲೆ ಅವಳು ಅದನ್ನು ತೋರಿಸಲಿಲ್ಲ. ಗರಿಗಳು ಬಂದವು. ಇನ್ನೇನು ತೆನೆ ಬರಬೇಕು, ಬಕ್ರೀದಿಗೆಂದು ತಂದ ಹೋತ ಅಂಗಳದ ಹಗ್ಗ ಹರಿದುಕೊಂಡು ಮೆಟ್ಟಿಲು ಹತ್ತಿತು. ನಾನು ಸಂಜೆ ಬಂದು ನೋಡಿದಾಗ ಡಬ್ಬಿಗಳಲ್ಲಿ ಬರೀ ಮೊಟಕು ಬುಡಗಳಿದ್ದವು. ಹೋತ ಪಕ್ಕದಲ್ಲಿ ಆರಾಮಾಗಿ ಮಲಗಿ ಮೆಲುಕು ಹಾಕುತ್ತಿತ್ತು.

ಅಮ್ಮಿ ಓಢಣಿಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. “ಬೈಯಬ್ಯಾಡ ಬೇಟಾ. ನಾ ನಮಾಜಿಗೆ ನಿಂತಿದ್ನಿ.”

ನನಗೆ ಬೈಗುಳ ಬರಲಿಲ್ಲ, ನಗು ಬಂತು. “ಅದಕ್ಕೂ ಎರಡರ ನಡುವಿನ ಫರಕ ಗೊತ್ತಾಗಲಿಲ್ಲ, ನೋಡ,” ಎಂದೆ. “ನಮ್ಮ ಸರ್‌ನಂಗ.” ಅಮ್ಮಿಯೂ ನಕ್ಕುಬಿಟ್ಟಳು. ಆ ನಗುವಿನಲ್ಲಿ ನಮ್ಮಿಬ್ಬರ ನಡುವಿನ ಮುನಿಸು ಮುಗಿಯಿತು.

ಒಂದು ವರ್ಷ ಹೋಯಿತು. ಮರುವರ್ಷ ಮತ್ತೆ ಬೀಜ ತಂದೆ, ಮತ್ತೆ ಬಿತ್ತಿದೆ. ಈ ಸಲ ಅಬ್ಬಾ ಮಾಳಿಗೆಯ ಬಾಯಿಗೆ ಕದ ಕೂರಿಸಿದರು. ದಸರೆಯ ಹೊತ್ತಿಗೆ ತೆನೆ ಬಂದವು. ಒಂದು ರವಿವಾರ ಬೆಳಿಗ್ಗೆ ಚಾಪೆ ಹಾಸಿಕೊಂಡು ಡಬ್ಬಿಗಳ ನಡುವೆ ಕುಳಿತು ಒಂದೊಂದೇ ತೆನೆ ಬಿಡಿಸತೊಡಗಿದೆ. ಗೊಬ್ಬರದಲ್ಲಿ ನನ್ನ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು, ಎಲೆ ಅಗಲವಾಗಿತ್ತು, ಗುಡ್ಡದ ಮೇಲಿನ ಆ ಬಡಕಲು ಮೈ ಎಲ್ಲಿಯೂ ಇರಲಿಲ್ಲ. ಮುಳ್ಳುಗೂದಲು ಮಾತ್ರ ನೆಟ್ಟಗೇ ಇತ್ತು. ಗೆಣ್ಣಿನ ರೋಮದ ಬಳೆ ಹಾಗೆಯೇ ಇತ್ತು. ಹರಳಿನ ಡಬ್ಬಿಗಳಲ್ಲಿ ಕರಡ ಗೇಣುದ್ದಕ್ಕೆ ಇಳಿದು, ಹಸಿದು, ಹಳದಿಯಾಗಿತ್ತು. ಆದರೂ ಅದರ ಕೂದಲು ಬಾಗಿಯೇ ಇತ್ತು. ಹೊಟ್ಟೆ ತುಂಬಿದರೂ ಇದು ಅದಾಗಲಿಲ್ಲ, ಹಸಿದರೂ ಅದು ಇದಾಗಲಿಲ್ಲ.

ಅಬ್ಬಾನನ್ನು ಕೂಗಿ ಕರೆದೆ. ಮಸೂರ ಕೊಟ್ಟೆ. ಅವರಿಗೆ ಅದನ್ನು ಹಿಡಿದು ರೂಢಿಯಿಲ್ಲ, ಬಹಳ ಹೊತ್ತು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತೆರೆದು ಒದ್ದಾಡಿದರು. ಕೊನೆಗೆ ಕಂಡಿತು.

“ಈಗ ಏನ್ ಮಾಡ್ತಿ?”

“ಬರೀತೇನಿ.”

“ನಿಮ್ ಸರ್ ಬ್ಯಾಡ ಅಂದ್ರ?”

“ಅವರಿಗೂ ಒಂದು ಪ್ರತಿ ಕಳಸತೇನಿ.”

ಬರೆಯುವುದು ಮಾತಿನಷ್ಟು ಸುಲಭವಾಗಿರಲಿಲ್ಲ. ಹೊಸ ಪ್ರಭೇದವೆಂದರೆ ಹಿಂದೆ ಹೆಸರು ಪಡೆದ ಹತ್ತಿರದ ಎಲ್ಲ ಹುಲ್ಲುಗಳ ಮೂಲ ಮಾದರಿ ನೋಡಬೇಕು. ಅವು ಬ್ರಿಟಿಷರ ಕಾಲದಲ್ಲೇ ಹಡಗಿನಲ್ಲಿ ಸಮುದ್ರ ದಾಟಿ ಹೋಗಿ ಯಾವುದೋ ದೇಶದ ಕಪಾಟುಗಳಲ್ಲಿ ಕುಳಿತಿವೆ. ನಮ್ಮ ಗುಡ್ಡದ ಹುಲ್ಲನ್ನು ನೋಡಲು ನಾವು ಅವರ ಅಪ್ಪಣೆ ಕೇಳಬೇಕು. ಈಗ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ಹಾನಗಲ್ಲದ ಕಾಲೇಜಿನ ನಿಧಾನದ ಕಂಪ್ಯೂಟರಿನಲ್ಲಿ ಆ ಹಾಳೆಗಳು ಮೇಲಿನಿಂದ ಕೆಳಗೆ ಒಂದೊಂದೇ ಗೆರೆಯಾಗಿ ತೆರೆದುಕೊಳ್ಳುವುದನ್ನು ಕಾಯುತ್ತಿದ್ದೆ. ಒಂದೊಂದೂ ಬಾಗಿದ ಕೂದಲು. ನನ್ನ ಹುಲ್ಲನ್ನು ಯಾರೂ ಒಯ್ದಿರಲಿಲ್ಲ. ಅಷ್ಟು ಚಿಕ್ಕದನ್ನು ಬಗ್ಗಿ ನೋಡಲು ಯಾವ ದೊರೆಗೂ ಪುರಸೊತ್ತು ಸಿಕ್ಕಿರಲಿಲ್ಲ.

ಲೇಖನ ಸ್ವೀಕಾರವಾಗಿ ಅಚ್ಚಿಗೆ ಹೋಗುವ ಮುನ್ನ, ಸುದ್ದಿ ಹೇಗೋ ಹೊರಬಿತ್ತು. ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ನನ್ನನ್ನು ಕರೆಸಿದರು. ಚಹಾ ತರಿಸಿದರು. ಅತಿಥಿ ಉಪನ್ಯಾಸಕರಿಗೆ ಅಲ್ಲಿ ಚಹಾ ಕೊಟ್ಟದ್ದನ್ನು ನಾನು ಕೇಳಿರಲಿಲ್ಲ.

“ಮೇಡಮ್ಮಾರ, ಭಾಳ ಹೆಮ್ಮಿ ಆತು. ಆ ಹುಲ್ಲಿಗೆ ಹೆಸರಿಡೂದು ನಿಮ್ಮ ಕೈಯಾಗ ಐತಂತ?”

“ಹೌದ್ರಿ.”

“ನಮ್ಮ ತೀರಿಹ್ವಾದ ಅಪ್ಪಾರ ಹೆಸರಿಡ್ರಿ. ಈ ಸಂಸ್ಥೆ ಕಟ್ಟಿದವರು ಅವರು. ನಿಮ್ಮನ್ನ ಕಾಯಂ ಮಾಡೂ ವಿಚಾರಾನೂ ಮುಂದಿನ ಸಭಾದಾಗ ಐತಿ.” ನಡುವೆ ಉಸಿರೂ ತೆಗೆದುಕೊಳ್ಳದೆ ಎರಡನ್ನೂ ಒಂದೇ ಮಾತಾಗಿ ಹೇಳಿದರು.

ನಾನು ಚಹಾದ ಕಪ್ಪು ಕೆಳಗಿಟ್ಟೆ. “ಸಂಸ್ಥಾ ಕಟ್ಟಿದವರ ಹೆಸರು ಸಂಸ್ಥಾದ ಮ್ಯಾಲೆ ಐತಲ್ರಿ. ಹುಲ್ಲು ಹಿರೇಬೆಂಡಿಗೇರಿ ಗುಡ್ಡದ್ದು. ಅದಕ್ಕ ಆ ಊರ ಹೆಸರ ಇಡತೇನ್ರಿ.”

“ಆ ಊರು ನಿಮಗೇನು ಕೊಡತೈತಿ?”

“ಹುಲ್ಲು ಕೊಟ್ಟೈತ್ರಿ.”

ಪ್ರಾಚಾರ್ಯರು ಹೊರಗೆ ನನ್ನನ್ನು ತಡೆದು ನಿಲ್ಲಿಸಿದರು. ಅವರು ಒಳ್ಳೆಯವರು, ನನ್ನ ಬಗ್ಗೆ ನಿಜವಾಗಿ ಕಳವಳಪಟ್ಟವರು. “ಒಂದು ಹೆಸರಲ್ಲೇನವಾ, ಲ್ಯಾಟಿನ್ನಿನಾಗ ಇರತೈತಿ, ಯಾರ್ ಓದ್ತಾರ?” ಎಂದರು. ಯಾರೂ ಓದದಿದ್ದರೆ ಅಧ್ಯಕ್ಷರಿಗೇಕೆ ಬೇಕಾಗಿತ್ತು? ಹೆಸರಿಡುವುದು ನನ್ನ ಕಸುಬು. ನಾನು ಗಳಿಸಿಕೊಂಡ ಒಂದೇ ಒಂದು ಹಕ್ಕು ಅದು. ಅದನ್ನು ನೌಕರಿಗೆ ಅದಲುಬದಲು ಮಾಡಿದರೆ ಆಮೇಲೆ ಯಾವ ಗಿಡದ ಮುಂದೆ ಹೋಗಿ ಕೂರಲಿ?

ಲೇಖನ ಹೊರಬಂತು. ಊರಿನ ಹೆಸರಿಗೆ ಲ್ಯಾಟಿನ್ ಬಾಲ ಅಂಟಿಸಿಕೊಂಡ ಹುಲ್ಲು ಈಗ ಜಗತ್ತಿನ ಪಟ್ಟಿಯಲ್ಲಿತ್ತು. ಹಿರೇಬೆಂಡಿಗೇರಿಯವರು ಕರೆದು ಶಾಲು ಹೊದಿಸಿದರು. ಒಬ್ಬ ಹಿರಿಯರು ಎದ್ದು, ಇದನ್ನು ದನ ತಿನ್ನುತ್ತವೆಯೇ ಎಂದು ಕೇಳಿದರು. ತೆನೆ ಬಂದ ಮೇಲೆ ಮೂಸಿ ಬಿಡುತ್ತವೆ ಎಂದೆ. “ಮತ್ಯಾಕ್ ಬೇಕ್ರಿ ಅದು?” ಎಂದರು. “ದನಕ್ಕ ಬ್ಯಾಡಾದ್ರ ಅದು ಇರಬಾರದೇನ್ರಿ ಅಜ್ಜಾರ?” ಎಂದೆ. ಅವರು, “ಇರಲಿ, ಇರಲಿ. ನಮ್ಮೂರ ಹೆಸರರ ಹೇಳತೈತಿ,” ಎಂದು ಕುಳಿತರು. ಮಂದಿ ಚಪ್ಪಾಳೆ ತಟ್ಟಿದರು.

ಜೂನಿನಲ್ಲಿ ಹಾನಗಲ್ಲದ ಕಾಲೇಜಿನ ವೇಳಾಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅಲ್ಲಿಯ ಕಪಾಟಿನಲ್ಲಿ ನಾನು ವರ್ಷಗಟ್ಟಲೆ ಕೂಡಿಸಿದ ಒಣಸಸ್ಯಗಳ ಹಾಳೆಗಳಿದ್ದವು. ಗುಮಾಸ್ತ ಅವು ಸಂಸ್ಥೆಯ ಸ್ವತ್ತು ಎಂದ. ನಾನು ಮೇಲಿನ ಹಾಳೆ ತೆಗೆದು ಅವನ ಮುಂದಿಟ್ಟೆ. “ಇದರ ಹೆಸರು ಹೇಳ್ರಿ, ಬಿಟ್ಟು ಹೋಗತೇನಿ.” ಅವನು ಹಾಳೆ ನೋಡಿದ, ನನ್ನನ್ನು ನೋಡಿದ. ಆಮೇಲೆ ಅವನೇ ಕಟ್ಟುಗಳನ್ನು ಹೊರಗೆ ಹೊರಲು ಕೈಜೋಡಿಸಿದ. ಒಂದು ಟಂಟಂ ರಿಕ್ಷಾ ತುಂಬ ಹುಲ್ಲು ಹೇರಿಕೊಂಡು ನಾನು ಹಾನಗಲ್ಲದ ಪೇಟೆಯ ನಡುವೆ ಬಸ್‌ಸ್ಟ್ಯಾಂಡಿಗೆ ಹೋದೆ. ಮಂದಿ ನಿಂತು ನೋಡಿದರು. ತಲೆ ಬಗ್ಗಿಸುವಂಥದ್ದೇನೂ ನಾನು ಮಾಡಿರಲಿಲ್ಲ, ಬಗ್ಗಿಸಲಿಲ್ಲ.

ಕೆಲವು ತಿಂಗಳು ಮನೆಯಲ್ಲಿ ಕುಳಿತು ಅಮ್ಮಿಯ ಜೊತೆ ಎಲೆ ಆರಿಸಿದೆ. ಆಮೇಲೆ ಹಿರೇಕೆರೂರಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಸಂದರ್ಶನದಲ್ಲಿ ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದರು. ಇದ್ದದ್ದು ಇದ್ದಂತೆ ಹೇಳಿದೆ. ಪ್ರಶ್ನೆ ಕೇಳಿದ ಹೆಂಗಸು ಪೆನ್ನು ಕೆಳಗಿಟ್ಟು ನಕ್ಕರು. ಈಗಲೂ ಅಲ್ಲಿಯೇ ಇದ್ದೇನೆ. ನನ್ನ ಹಾಳೆಗಳಿಗೆ ಒಂದು ಕೋಣೆ ಇದೆ, ಕೋಣೆಗೆ ಕಿಟಕಿ ಇದೆ.

ಪ್ರಬಂಧದ ಗತಿ ಏನಾಯಿತು ಎಂದು ಕೇಳುವವರಿದ್ದಾರೆ. ಹಿರೇಕೆರೂರಿಗೆ ಸೇರಿದ ಮೇಲೆ ಅದನ್ನು ಆ ಹುಲ್ಲಿನ ಸಮೇತ ಮತ್ತೆ ಗುರುಗಳ ಮೇಜಿನ ಮೇಲೆ ಇಟ್ಟೆ. ಅವರು ಬಹಳ ಹೊತ್ತು ಪುಟ ತಿರುವಿದರು. ಕೊನೆಗೆ ಸಹಿ ಹಾಕಿದರು. ಸಹಿಯ ಕೆಳಗೆ, ಈ ಒಂದು ಪ್ರಭೇದದ ವಿಷಯದಲ್ಲಿ ಮಾರ್ಗದರ್ಶಕರಿಗೆ ಸಮ್ಮತಿಯಿಲ್ಲ ಎಂದು ತಮ್ಮ ಕೈಯಿಂದಲೇ ಬರೆದರು. ನನಗೆ ಆ ಸಾಲಿನ ಮೇಲೆ ಗೌರವ ಹುಟ್ಟಿತು. ಮೆತ್ತಗೆ ಒಪ್ಪಿಬಿಟ್ಟಿದ್ದರೆ ಹುಟ್ಟುತ್ತಿರಲಿಲ್ಲ.

ಅವರ ನಿವೃತ್ತಿಯ ಸಮಾರಂಭಕ್ಕೆ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆದಿದ್ದರು. ವೇದಿಕೆಯ ಮೇಲೆ ಯಾರೋ ಅವರ ಸಾಧನೆಗಳನ್ನು ಓದುತ್ತ, ಅವರ ಮಾರ್ಗದರ್ಶನದಲ್ಲಿ ಒಂದು ಹೊಸ ಹುಲ್ಲು ಪತ್ತೆಯಾಯಿತು ಎಂದರು. ನನ್ನ ಕಡೆ ಕೈ ತೋರಿಸಿ ಮಾತಾಡಲು ಕರೆದರು. ಮೈಕಿನ ಮುಂದೆ ನಿಂತು, ಹಾರ ಹಾಕಿಕೊಂಡು ಕುಳಿತ ಅವರ ಕಡೆ ನೋಡಿದೆ.

“ನನಗ ನೋಡಾಕ ಕಲಿಸಿದವರು ಇವರು,” ಎಂದೆ. “ಆದ್ರ ಆ ಹುಲ್ಲು ಇವರ ಮಾರ್ಗದರ್ಶನದಾಗ ಸಿಗಲಿಲ್ಲ. ಅದನ್ನ ತಗದ್ ಹಾಕು ಅಂದಿದ್ರು. ನಾ ತಗೀಲಿಲ್ಲ. ಇವತ್ತಿಗೂ ಅವರು ಒಪ್ಪಿಲ್ಲ. ಒಪ್ಯಾರ ಅಂತ ಸುಳ್ಳು ಹೇಳಿದ್ರ ಅವರಿಗೂ ಅವಮಾನ, ನನಗೂ ಅವಮಾನ.”

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಗುರುಗಳು ಕನ್ನಡಕ ತೆಗೆದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು; ಹಾರದ ಹೂವೆಲ್ಲ ಉದುರುವಂತೆ ನಕ್ಕರು.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕುಳಿತು, “ನಾ ಒಪ್ಪಿಲ್ಲ ಅನ್ನೂದು ಖರೇ,” ಎಂದರು.

“ಒಪ್ಪಬ್ಯಾಡ್ರಿ ಸರ್. ಆದ್ರ ಆ ಗುಡ್ಡಕ್ಕ ನೀವು ಒಮ್ಮೆನೂ ಬಂದಿಲ್ಲ. ಬಂದು ನೋಡಿ ಬೈಯ್ರಿ.”

ಆ ವರ್ಷ ಮಳೆ ನಿಂತ ಮೇಲೆ ಅವರು ಬಂದರು. ಶಿಗ್ಗಾವಿಯಲ್ಲಿ ಬಸ್ಸಿಳಿದಾಗ ಕೈಯಲ್ಲಿ ಕೋಲಿತ್ತು, ಹೆಗಲಿಗೆ ಹಳೆಯ ಚೀಲ. ಗುಡ್ಡ ಹತ್ತುವಾಗ ಎರಡು ಕಡೆ ಕುಳಿತು ಸುಧಾರಿಸಿಕೊಂಡರು. ನಾನು ಕೈ ಕೊಡಲು ಹೋದರೆ ಬೇಡವೆಂದರು. ಹಾಸುಬಂಡೆ ತಲುಪಿದ ಮೇಲೆ ಕೋಲು ಬದಿಗಿಟ್ಟು, ಪ್ಯಾಂಟಿನ ಮಂಡಿ ಕೊಳೆಯಾಗುವುದನ್ನೂ ಲೆಕ್ಕಿಸದೆ ಮೊಣಕಾಲೂರಿ ಬಗ್ಗಿದರು. ಒಂದು ತಗ್ಗಿನಿಂದ ಇನ್ನೊಂದಕ್ಕೆ ಹಾಗೆಯೇ ತೆವಳುತ್ತ ಹೋದರು. ಉಗುರಿನಿಂದ ತೆನೆ ಬಿಡಿಸುವ ಆ ಹಳೆಯ ರೀತಿ ಒಂದಿಷ್ಟೂ ಬದಲಾಗಿರಲಿಲ್ಲ. ಬಿಸಿಲು ಬಂಡೆಯನ್ನು ಕಾಯಿಸಿತ್ತು. ನಾನು ನೀರಿನ ಬಾಟಲಿ ಹಿಡಿದು ಕಾದೆ.

“ಬ್ಯಾರೆ ಐತಿ,” ಎಂದರು ಕೊನೆಗೆ, ತಲೆಯೆತ್ತದೆ. “ಆದ್ರ ಪ್ರಭೇದ ಅನ್ನಾಕ ಆಗೂದಿಲ್ಲ. ಭಾಳಂದ್ರ ಉಪಪ್ರಭೇದ ಅನ್ನಬಹುದು.”

“ಅಂದ್ರ ಅರ್ಧ ದಾರಿ ಬಂದ್ರಿ.”

“ಪೂರ್ತಿ ಬರೂದಿಲ್ಲ.”

“ಬರಬ್ಯಾಡ್ರಿ. ಹಂಗಂತ ಬರದು ಅಚ್ಚು ಹಾಕಸ್ರಿ ಸರ್. ನಾ ಉತ್ತರ ಬರೀತೇನಿ.”

ಅವರು ಬರೆದರು. ನಾನು ಉತ್ತರ ಬರೆದೆ. ಅವರ ಕಡೆ ಕೆಲವರು ನಿಂತಿದ್ದಾರೆ, ನನ್ನ ಕಡೆ ಕೆಲವರು. ನಮ್ಮ ಶಾಸ್ತ್ರದಲ್ಲಿ ಹೆಸರು ಕೊಟ್ಟ ಮಾತ್ರಕ್ಕೆ ಜಗಳ ಮುಗಿಯುವುದಿಲ್ಲ. ಯಾರು ಬೇಕಾದರೂ ಎದ್ದು ಅಲ್ಲ ಎನ್ನಬಹುದು; ಅಂದವರು ಬಂದು ಹುಲ್ಲನ್ನು ನೋಡಬೇಕು, ಅಷ್ಟೇ ನನ್ನ ಷರತ್ತು. ಅಂದು ಗುಡ್ಡ ಇಳಿಯುವಾಗ ಗುರುಗಳು ನನ್ನ ಭುಜ ಹಿಡಿದುಕೊಂಡೇ ವಾದ ಮಾಡಿದರು, ಬಸ್ಸಿನಲ್ಲಿ ಮುಂದುವರಿಸಿದರು. ಶಿಗ್ಗಾವಿಯ ಸ್ಟ್ಯಾಂಡಿನಲ್ಲಿ ಅವರ ಹುಬ್ಬಳ್ಳಿ ಬಸ್ಸು ಹೊರಟಾಗಲೂ ಕಿಟಕಿಯಿಂದ ಬೆರಳು ತೋರಿಸುತ್ತ ಏನೋ ಹೇಳುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ನಾನೂ ಕೈ ಬೀಸುತ್ತ, ಇಲ್ರಿ ಸರ್, ಇಲ್ರಿ ಎಂದು ಕೂಗುತ್ತ ಬಸ್ಸಿನ ಜೊತೆ ಸ್ವಲ್ಪ ದೂರ ನಡೆದೆ.